ಬಂಗಾರದ ಊರಿನ ಧೂಳು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿಕೊಡುತ್ತೇವೆ. ಗಾದೆ ಸುಳ್ಳಲ್ಲ. ಆದರೆ ಅದು ತನ್ನ ಊಟವನ್ನು ತಾನೇ ಆರಿಸಿಕೊಳ್ಳಬಲ್ಲವನಿಗೆ ಸಲ್ಲುವ ಮಾತು. ತಿನ್ನುವ ಅನ್ನವನ್ನು ಹಿತಮಿತವಾಗಿ ತಿನ್ನಬಹುದು. ಕುಡಿಯುವ ನೀರನ್ನು ಸೋಸಿ, ಕಾಯಿಸಿ ಕುಡಿಯಬಹುದು. ಉಸಿರಾಡುವ ಗಾಳಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಎಷ್ಟು ಮಂದಿಗೆ ಇದೆ? ಹೊಟ್ಟೆಪಾಡಿಗಾಗಿ ಭೂಮಿಯ ಒಡಲಿಗೆ ಇಳಿದವನಿಗಂತೂ ಅದು ಎಂದೂ ಇರಲಿಲ್ಲ.

ಈ ತಿಂಗಳು ಅಂಥವರ ವಿಷಯವನ್ನು ವಾಚಕರ ಮುಂದಿಡಬೇಕೆಂದಿದ್ದೇನೆ. ಏಳನೆಯ ತರಗತಿಗೆ ಖನಿಜಗಳ ಪಾಠ ಹೇಳುವಾಗ ಗೋಡೆಯ ನಕ್ಷೆಯ ಮೇಲೆ ಝರಿಯಾ, ರಾಣಿಗಂಜ್, ಸಿಂಗರೇಣಿ, ಕೋಲಾರ ಎಂದು ಕೋಲಿನಿಂದ ತೋರಿಸುತ್ತೇವೆ. ಎಲ್ಲಿ ಕಲ್ಲಿದ್ದಲು, ಎಲ್ಲಿ ಚಿನ್ನ, ಎಲ್ಲಿ ಅಭ್ರಕ ಎಂದು ಬಾಯಿಪಾಠ ಮಾಡಿಸುತ್ತೇವೆ. ಅದನ್ನು ಅಗೆದು ತೆಗೆದವರ ಎದೆಗೂಡಿಗೆ ಏನಾಯಿತು, ಅವರ ಕಾಯಿಲೆಗೆ ವೈದ್ಯ ಎಲ್ಲಿಂದ ಬಂದ, ಅವರ ಕೇರಿಗೆ ನೀರು ಯಾರು ಕೊಟ್ಟರು ಎಂಬ ವಿಚಾರ ಪಾಠದಲ್ಲಿ ಬರುವುದಿಲ್ಲ. ಆದರೆ ಒಂದು ನಾಡಿನ ಆರೋಗ್ಯದ ಚರಿತ್ರೆಯಲ್ಲಿ ಅರ್ಧ ಪಾಲು ಅಲ್ಲಿಯೇ ಇದೆ.

ನಮ್ಮ ಪೆನುಕೊಂಡೆಯ ಸೀಮೆಯಲ್ಲಿ ಕಲ್ಲಿದ್ದಲಿಲ್ಲ, ಚಿನ್ನ ಉಂಟು. ಇಲ್ಲಿಂದ ಬಹುದೂರವಲ್ಲದ ರಾಮಗಿರಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಗಣಿ ತೋಡಿ, 1927ರ ಹೊತ್ತಿಗೆ ಬಿಟ್ಟುಹೋದವು. ಸ್ವಾತಂತ್ರ್ಯ ಬಂದ ಎಷ್ಟೋ ಕಾಲದ ಮೇಲೆ ಸರಕಾರದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಅಲ್ಲಿ ಮತ್ತೆ ಕೆಲಸ ನಡೆಸಿತು. 2001ರ ಹೊತ್ತಿಗೆ ಅದೂ ಮುಚ್ಚಿತು. ಆದರೆ ಗಣಿಯೆಂದರೆ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಬರುವುದು ಕೋಲಾರದ ಚಿನ್ನದ ಗಣಿಯೇ. ಆದುದರಿಂದ ಅಲ್ಲಿಂದಲೇ ಆರಂಭಿಸೋಣ.

ಮೈಸೂರು ಸಂಸ್ಥಾನದ ಪೂರ್ವದ ಅಂಚಿನಲ್ಲಿ, ಮದರಾಸು ಪ್ರಾಂತದ ಗಡಿಗೆ ತಾಗಿದಂತಿದ್ದ ಆ ಬೋಳು ನೆಲದಲ್ಲಿ 1880ರಿಂದ ಜಾನ್ ಟೇಲರ್ ಮತ್ತು ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಗಣಿಗಾರಿಕೆಯ ಹೊಣೆ ಹೊತ್ತಿತು. ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ನಾಲ್ಕು ಗಣಿಗಳು ಹೆಸರಾದವು. ಉತ್ತರ ಆರ್ಕಾಟಿನಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು, ಸುತ್ತಮುತ್ತಲಿನ ಹಳ್ಳಿಗಳಿಂದ ಕನ್ನಡಿಗರು ಬಂದು ಸೇರಿದರು. ಬಂದವರಲ್ಲಿ ಬಹುಪಾಲು ಊರಿನಲ್ಲಿ ಭೂಮಿಯಿಲ್ಲದವರು, ಕೆರೆಯ ನೀರು ಮುಟ್ಟಲು ಅಪ್ಪಣೆಯಿಲ್ಲದವರು. ಬರಗಾಲ ಅವರನ್ನು ಹಿಂದಿನಿಂದ ತಳ್ಳಿತು. ಗಣಿಯ ಕೂಲಿ ಮುಂದಿನಿಂದ ಕರೆಯಿತು. ಶತಮಾನ ತಿರುಗುವ ಹೊತ್ತಿಗೆ ಅಲ್ಲಿ ಸಾವಿರಾರು ಕುಟುಂಬಗಳ ಒಂದು ಪಟ್ಟಣವೇ ಎದ್ದಿತ್ತು.

ಆ ಪಟ್ಟಣ ಹೇಗಿತ್ತು? ದೊರೆಗಳಿಗೆ ತೋಟದ ನಡುವೆ ಬಂಗಲೆ. ಕೂಲಿಯವರಿಗೆ ಬಿದಿರಿನ ತಟ್ಟಿಯ ಗುಡಿಸಲು. ಸಾಲುಸಾಲಾಗಿ ಕಟ್ಟಿದ ಆ ಗುಡಿಸಲುಗಳಿಗೆ ‘ಲೈನು’ ಎಂದು ಹೆಸರು. ಒಂದೇ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹೆರಿಗೆ, ಅದರಲ್ಲೇ ರಾತ್ರಿ ಪಾಳಿ ಮುಗಿಸಿದವನ ಹಗಲು ನಿದ್ರೆ. ಇಂಥ ಕಡೆ ಕಾಲರಾ, ಸಿಡುಬು ಬಂದರೆ ಹೇಳುವುದೇನು! 1898ರಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಮೈಸೂರು ಸೀಮೆಯೆಲ್ಲ ತತ್ತರಿಸಿತು. ಹಳ್ಳಿಯ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು, ಪ್ಲೇಗಮ್ಮನಿಗೆ ಗುಡಿ ಕಟ್ಟಿದ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದುದು ವಾಚಕರಲ್ಲಿ ಹಲವರಿಗೆ ನೆನಪಿದ್ದೀತು. ರೈತ ಊರು ಬಿಟ್ಟರೆ ಹೊಲವಿದೆ; ಗಣಿಯವನು ಎಲ್ಲಿಗೆ ಹೋಗಬೇಕು? ಅವನು ಹೋದರೆ ಗಣಿ ನಿಲ್ಲುತ್ತದೆ. ಗಣಿ ನಿಂತರೆ ಲಂಡನ್ನಿನ ಪಾಲುದಾರರಿಗೆ ಲಾಭವಿಲ್ಲ, ಸಂಸ್ಥಾನಕ್ಕೆ ರಾಜಧನವಿಲ್ಲ.

ಇಲ್ಲೊಂದು ಸತ್ಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಗಣಿಯ ಊರುಗಳಿಗೆ ಆರೋಗ್ಯದ ಏರ್ಪಾಡು ಮೊದಲು ಬಂದುದು ಕರುಣೆಯಿಂದಷ್ಟೇ ಅಲ್ಲ, ಲೆಕ್ಕಾಚಾರದಿಂದಲೂ ಹೌದು. ಕಾಯಿಲೆ ಬಿದ್ದ ಕೂಲಿಯಿಂದ ಅದಿರು ಬರುವುದಿಲ್ಲ ಎಂಬುದನ್ನು ಕಂಪನಿಗಳು ಬೇಗ ಅರಿತವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಕೋಲಾರದ ಗಣಿಗೆ ವಿದ್ಯುತ್ತು ತಂದರಲ್ಲ, ಅದೇ ವರ್ಷಗಳಲ್ಲಿ ಬೇತಮಂಗಲದ ಪಾಲಾರ್ ಜಲಾಶಯದಿಂದ ಶೋಧಿಸಿದ ನೀರನ್ನೂ ಕೊಳವೆಯಲ್ಲಿ ತಂದರು. ವಿದ್ಯುತ್ತಿನ ಕಥೆ ಎಲ್ಲ ಪುಸ್ತಕಗಳಲ್ಲಿ ಇದೆ. ನೀರಿನ ಕಥೆಯನ್ನು ಹೇಳುವವರು ಕಡಿಮೆ. ನನ್ನನ್ನು ಕೇಳಿದರೆ, ಬೇತಮಂಗಲದ ಆ ಕೊಳವೆ ಉಳಿಸಿದಷ್ಟು ಜೀವಗಳನ್ನು ಯಾವ ಔಷಧದ ಸೀಸೆಯೂ ಉಳಿಸಿರಲಾರದು. ನಮ್ಮ ಸೀಮೆಯಲ್ಲಿಯೂ ಹಾಗೆಯೇ ಆಯಿತಲ್ಲವೆ? ಮೆಟ್ಟಿಲುಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ಯಾವ ಚುಚ್ಚುಮದ್ದಿನಿಂದಲೂ ಹೋದುದಲ್ಲ. ಬಾವಿಗೆ ಕಾಲಿಡುವುದನ್ನು ತಪ್ಪಿಸಿ, ಕೊಳವೆಬಾವಿ ತೋಡಿಸಿ, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದುದರಿಂದ ಹೋಯಿತು. 2000ದಲ್ಲಿ ಭಾರತ ಆ ಕಾಯಿಲೆಯಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಚಾಂಪಿಯನ್ ರೀಫಿನಲ್ಲಿ ಕಂಪನಿಯ ಆಸ್ಪತ್ರೆ ಬೆಳೆಯಿತು. ಗಣಿಯೊಳಗೆ ಬಂಡೆ ಸಿಡಿದು ಕೈಕಾಲು ಮುರಿದವರನ್ನು ಅಲ್ಲಿಗೆ ಹೊತ್ತು ತರುತ್ತಿದ್ದರು. ಆಳ ಹೆಚ್ಚಿದಂತೆ ಬಂಡೆ ತನ್ನ ಭಾರದಿಂದ ತಾನೇ ಸಿಡಿಯುತ್ತದೆ. ಕೋಲಾರದ ಗಣಿ ಮೂರು ಸಾವಿರ ಮೀಟರಿಗಿಂತಲೂ ಕೆಳಗೆ ಇಳಿದಿತ್ತು. ಅಲ್ಲಿನ ಬಂಡೆಯ ಶಾಖ ಎಷ್ಟೆಂದರೆ, ಗಾಳಿಯನ್ನು ಯಂತ್ರದಿಂದ ತಂಪುಮಾಡಿ ಕೆಳಕ್ಕೆ ಕಳುಹಿಸದೆ ಕೆಲಸ ಸಾಧ್ಯವಿರಲಿಲ್ಲ. ಮುರಿದ ಎಲುಬು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಕಟ್ಟು ಹಾಕಬಹುದು. ಕಣ್ಣಿಗೆ ಕಾಣದ ಒಂದು ಶತ್ರುವೂ ಅಲ್ಲಿತ್ತು. ಅದು ಧೂಳು.

ಚಿನ್ನ ಸಾಮಾನ್ಯವಾಗಿ ಇರುವುದು ಬೆಣಚುಕಲ್ಲಿನ ಪದರದಲ್ಲಿ. ಬೆಣಚುಕಲ್ಲೆಂದರೆ ಬಹುತೇಕ ಸಿಲಿಕಾ. ಅದನ್ನು ಕೊರೆದಾಗ, ಸಿಡಿಸಿದಾಗ, ಗಿರಣಿಯಲ್ಲಿ ಕುಟ್ಟಿದಾಗ ಏಳುವ ಧೂಳಿನಲ್ಲಿ ದಪ್ಪ ಕಣಗಳು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಕೊಂಡು ಕಫದೊಡನೆ ಹೊರಬೀಳುತ್ತವೆ. ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲಿಗಿಂತ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ತುದಿಯ ಗಾಳಿಗೂಡುಗಳಿಗೆ ಇಳಿಯುತ್ತವೆ. ಅಲ್ಲಿ ನಮ್ಮ ದೇಹದ ಕಾವಲು ಜೀವಕೋಶಗಳು ಅವನ್ನು ನುಂಗುತ್ತವೆ. ನುಂಗಿದ ಕೋಶವೇ ಸಾಯುತ್ತದೆ. ಸತ್ತೆಡೆ ಗಾಯದ ಕಲೆಯಂತೆ ಗಡುಸಾದ ಗಂಟು ಬೆಳೆಯುತ್ತದೆ. ಒಂದು ಗಂಟಾದರೆ ಚಿಂತೆಯಿಲ್ಲ. ಹತ್ತಾರು ವರ್ಷ ಲಕ್ಷಾಂತರ ಕಣಗಳು ಇಳಿದರೆ ಸ್ಪಂಜಿನಂತಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕಲ್ಲಿದ್ದಲಿನ ಧೂಳೂ ಬೇರೆ ಬಗೆಯಲ್ಲಿ ಇಂಥದ್ದೇ ಕೆಡುಕು ಮಾಡುತ್ತದೆ. ಅಲ್ಲಿ ಶ್ವಾಸಕೋಶ ಮಸಿಯಂತೆ ಕಪ್ಪಾಗುತ್ತದೆ. ಎರಡಕ್ಕೂ ಮದ್ದಿಲ್ಲ. ಸಿಲಿಕಾ ಸೇರಿದ ಎದೆಯಲ್ಲಿ ಕ್ಷಯ ಬಹು ಸುಲಭವಾಗಿ ಮನೆಮಾಡುತ್ತದೆ ಎಂಬುದು ಇನ್ನೊಂದು ವಿಪತ್ತು.

ಇದು ಹೊಸದಾಗಿ ಕಂಡ ಸಂಗತಿಯಲ್ಲ. 1556ರಲ್ಲಿ ಅಚ್ಚಾದ ಅಗ್ರಿಕೋಲಾ ಎಂಬ ಜರ್ಮನ್ ವಿದ್ವಾಂಸನ ಗಣಿಶಾಸ್ತ್ರದ ಗ್ರಂಥದಲ್ಲಿ ಒಂದು ಮಾತು ಬರುತ್ತದೆ: ಕಾರ್ಪೇಥಿಯನ್ ಬೆಟ್ಟಗಳ ಗಣಿ ಪ್ರದೇಶದಲ್ಲಿ ಏಳು ಗಂಡಂದಿರನ್ನು ಕಂಡ ಹೆಂಗಸರಿದ್ದರಂತೆ; ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಧೂಳಿನ ಕ್ಷಯ ಒಯ್ದಿತ್ತು. ಓದುವಾಗ ಮೈ ಜುಮ್ಮೆನ್ನುತ್ತದೆ. 1700ರಲ್ಲಿ ಇಟಲಿಯ ವೈದ್ಯ ರಾಮಾಜಿನಿ ಕಸುಬುಗಳಿಂದ ಬರುವ ರೋಗಗಳ ಬಗ್ಗೆಯೇ ಒಂದು ಗ್ರಂಥ ಬರೆದು, ವೈದ್ಯನಾದವನು ರೋಗಿಯನ್ನು ಕೇಳಬೇಕಾದ ಹಳೆಯ ಪ್ರಶ್ನೆಗಳಿಗೆ ಹೊಸದೊಂದನ್ನು ಸೇರಿಸಿದ: ‘ನಿನ್ನ ಕಸುಬೇನು?’ ಮುನ್ನೂರು ವರ್ಷಗಳ ಹಿಂದಿನ ಈ ಪ್ರಶ್ನೆಯನ್ನು ವಾಚಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಕೋಲಾರದಲ್ಲಿ ಈ ರೋಗವನ್ನು ಒಪ್ಪಿಕೊಳ್ಳುವುದಕ್ಕೆ ಬಹುಕಾಲ ಹಿಡಿಯಿತು. ಕೆಮ್ಮಿ ಕೆಮ್ಮಿ ಸೊರಗಿದವನು ಹೆಸರು ಬರೆಸಿ ಊರಿಗೆ ಮರಳಿದರೆ ಅವನ ಸಾವು ಗಣಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. 1940ರಲ್ಲಿ ಮೈಸೂರು ಸಂಸ್ಥಾನವು ಸಿಲಿಕೋಸಿಸಿಗೆ ಪರಿಹಾರ ಕೊಡುವ ನಿಯಮಗಳನ್ನು ತಂದಿತು. 1947ರಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ ಎಂಬವರ ವರದಿ ಬಂತು. ಏಳೂವರೆ ಸಾವಿರಕ್ಕಿಂತ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕವರಲ್ಲಿ ಸಿಲಿಕೋಸಿಸ್ ಕಂಡುಬಂದಿತು. ದೇಶ ಸ್ವತಂತ್ರವಾದ ವರ್ಷ ಅದು! ಒಣಬಂಡೆಯನ್ನು ಕೊರೆಯುವ ಬದಲು ನೀರು ಹಾಯಿಸುತ್ತ ಕೊರೆಯುವುದು, ಗಾಳಿಯ ಸಂಚಾರ ಹೆಚ್ಚಿಸುವುದು, ಕಾಲಕಾಲಕ್ಕೆ ಎದೆಯ ಎಕ್ಸ್-ರೇ ತೆಗೆಯುವುದು ಇವೇ ಉಪಾಯಗಳು. ಒಂದರಲ್ಲಿಯೂ ದೊಡ್ಡ ವಿದ್ಯೆಯಿಲ್ಲ. ನೀರು ಬೆರೆತರೆ ಧೂಳು ಏಳುವುದಿಲ್ಲವೆಂಬುದು ಅಂಗಳಕ್ಕೆ ನೀರು ಚಿಮುಕಿಸಿ ಕಸ ಗುಡಿಸುವ ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು.

ಕಲ್ಲಿದ್ದಲಿನ ಸೀಮೆಯ ದಾರಿ ಸ್ವಲ್ಪ ಬೇರೆ. ಅಲ್ಲಿ ಗಣಿಗಳು ಹಲವು, ಒಡೆಯರು ನೂರಾರು. ಯಾರೊಬ್ಬರೂ ಊರಿಗೆ ನೀರು ತರುವ ಹೊಣೆ ಹೊರಲಿಲ್ಲ. ಹೀಗಾಗಿ ಕಾಯಿದೆಯೇ ಬರಬೇಕಾಯಿತು. 1912ರಲ್ಲಿ ಬಂಗಾಳದಲ್ಲಿ, 1920ರಲ್ಲಿ ಬಿಹಾರ–ಒರಿಸ್ಸಾದಲ್ಲಿ ಗಣಿ ವಸತಿಗಳ ಕಾಯಿದೆಗಳಾಗಿ, ಅಸನ್ಸೋಲ್ ಮತ್ತು ಝರಿಯಾಗಳಲ್ಲಿ ಗಣಿ ಆರೋಗ್ಯ ಮಂಡಲಿಗಳು ಹುಟ್ಟಿದವು. ಕಾಲರಾ ತಡೆಯುವುದು, ಸಿಡುಬಿಗೆ ದೇವಿ ಹಾಕಿಸುವುದು, ಮನೆ–ಚರಂಡಿಗಳ ತಪಾಸಣೆ ಮಾಡುವುದು ಅವುಗಳ ಕೆಲಸ. 1944ರಲ್ಲಿ ಇನ್ನೊಂದು ಮಹತ್ತ್ವದ ಹೆಜ್ಜೆ ಬಿತ್ತು. ಗಣಿಯಿಂದ ಹೊರಟ ಪ್ರತಿ ಟನ್ನು ಕಲ್ಲಿದ್ದಲಿನ ಮೇಲೆ ಇಷ್ಟೆಂದು ತೆರಿಗೆ ಎತ್ತಿ, ಅದರಿಂದ ಕಾರ್ಮಿಕ ಕಲ್ಯಾಣ ನಿಧಿಯೊಂದನ್ನು ಕಟ್ಟಿದರು. ಧನಬಾದ್ ಮತ್ತು ಅಸನ್ಸೋಲಿನ ಕೇಂದ್ರ ಆಸ್ಪತ್ರೆಗಳು ಎದ್ದುದು ಆ ಹಣದಿಂದ. ಕಲ್ಲಿದ್ದಲು ಉರಿಸಿದವನು ಅದನ್ನು ತೆಗೆದವನ ಮದ್ದಿಗೆ ಕಾಸು ಕೊಡಲಿ ಎಂಬುದು ಅದರ ನ್ಯಾಯ. ನಮ್ಮ ತೆಲುಗು ನಾಡಿನ ಸಿಂಗರೇಣಿಯಲ್ಲಿ, ಕೊತ್ತಗೂಡೆಂ ಮೊದಲಾದ ಊರುಗಳಲ್ಲಿ, ಗಣಿಯ ಆಸ್ಪತ್ರೆಗಳು ಇಂದಿಗೂ ನಡೆಯುತ್ತಿವೆ. ಏಕೆಂದರೆ ಅಲ್ಲಿ ಗಣಿಗಳೂ ನಡೆಯುತ್ತಿವೆ.

ಗಣಿ ನಿಂತರೆ? ಕೋಲಾರವೇ ಉತ್ತರ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಆಸ್ಪತ್ರೆಯೂ ಬಾಗಿಲು ಹಾಕಿತು. ಗಣಿಗಾರರ ಆರೋಗ್ಯದ ಅಧ್ಯಯನಕ್ಕೆಂದು 1990ರಲ್ಲಿ ಆ ಊರಿನಲ್ಲಿಯೇ ಆರಂಭವಾದ ರಾಷ್ಟ್ರೀಯ ಸಂಸ್ಥೆ ನಾಗಪುರಕ್ಕೆ ನೆಲೆ ಬದಲಾಯಿಸಿತು. 2019ರಲ್ಲಿ ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನವಾಯಿತು. ಉಳಿದುದು ಬೆಟ್ಟದಂತೆ ಸುರಿದ ಸೈನೈಡ್ ದಿಬ್ಬಗಳು. ಗಾಳಿ ಬೀಸಿದರೆ ಅವುಗಳ ಬೂದಿಯಂಥ ಪುಡಿ ಮನೆಮನೆಗೆ ಬರುತ್ತದೆ. ಧೂಳಿನ ರೋಗವಾದರೋ ಧೂಳು ಕುಡಿದ ಹತ್ತಿಪ್ಪತ್ತು ವರ್ಷಗಳ ಮೇಲೆ ತಲೆಯೆತ್ತುವಂಥದು. ಹೀಗೆ ರೋಗ ಬರುವ ಹೊತ್ತಿಗೆ ವೈದ್ಯ ಹೊರಟುಹೋಗಿದ್ದ. 2021ರಲ್ಲಿ ಕೋವಿಡ್ ಹಬ್ಬಿದಾಗ ಸ್ವಯಂಸೇವಕರು ಸೇರಿ, ಇಪ್ಪತ್ತು ವರ್ಷ ಮುಚ್ಚಿದ್ದ ಆ ಗಣಿ ಆಸ್ಪತ್ರೆಯನ್ನು ಗುಡಿಸಿ, ತೊಳೆದು, ಹಾಸಿಗೆ ಹಾಕಿ ರೋಗಿಗಳ ಆರೈಕೆಗೆ ಸಜ್ಜುಗೊಳಿಸಿದರು. ಗೋಡೆಗಳು ಗಟ್ಟಿಯಾಗಿಯೇ ಇದ್ದವು. ಅವುಗಳಿಗೆ ಬೇಕಾಗಿದ್ದುದು ಒಬ್ಬ ಒಡೆಯ ಮಾತ್ರ.

ನಾನು ಇದರಿಂದ ಕಲಿತ ನೀತಿ ಇಷ್ಟು: ಅದಿರಿನ ಆಯಸ್ಸಿಗೆ ಕಟ್ಟಿಹಾಕಿದ ಆಸ್ಪತ್ರೆ ಅದಿರಿನೊಡನೆ ಸಾಯುತ್ತದೆ, ರೋಗ ಸಾಯುವುದಿಲ್ಲ.

‘ಇವೆಲ್ಲ ಮುಗಿದ ಕಥೆ, ಮೇಷ್ಟ್ರೇ, ನಮಗೇನು?’ ಎಂದು ಯಾರಾದರೂ ಕೇಳಬಹುದು. ನಮಗೇನೆಂಬುದನ್ನು ಹೇಳುತ್ತೇನೆ. ನಮ್ಮ ಮಡಕಶಿರ, ಪೆನುಕೊಂಡ, ಹಿಂದೂಪುರದ ಸುತ್ತ ಎಷ್ಟು ಕಲ್ಲುಗಣಿಗಳಿವೆ, ಎಷ್ಟು ಜಲ್ಲಿ ಕ್ರಷರುಗಳಿವೆ, ಬಸ್ಸಿನಲ್ಲಿ ಕುಳಿತು ಎಣಿಸಿ ನೋಡಿ. ಗ್ರಾನೈಟಿನಲ್ಲಿಯೂ ಇರುವುದು ಅದೇ ಸಿಲಿಕಾ. ಕೋಲಾರದ ಗಣಿಯಲ್ಲಿ ಕಡೆಗೆ ನೀರಿನ ಕೊರಪು ಬಂತು, ಎಕ್ಸ್-ರೇ ಬಂತು, ಸಂಘ ಬಂತು. ಇಲ್ಲಿ ಹಲವು ಕಡೆ ಹಾಜರಿ ಪುಸ್ತಕವೂ ಇಲ್ಲ. ಮುಖಕ್ಕೆ ಸುತ್ತಿದ ಟವೆಲೊಂದೇ ರಕ್ಷೆ. ದಪ್ಪ ಧೂಳನ್ನು ಅದು ತಡೆದೀತು. ಕೊಲ್ಲುವ ಸಣ್ಣ ಧೂಳು ನೇಯ್ಗೆಯ ಸಂದಿನಲ್ಲಿ ನುಸುಳಿ ಹೋಗುತ್ತದೆ.

ಮೂರು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಒಂದು ಚೀಲ ತುಂಬ ಚೀಟಿಗಳನ್ನು ತಂದು, ‘ಇದರಲ್ಲಿ ಏನು ಬರೆದವ್ರೆ ಸ್ವಲ್ಪ ಓದಿ ಹೇಳಿ ಸ್ವಾಮಿ’ ಎಂದಳು. ಹುಡುಗನಿಗೆ ಮೂವತ್ತೈದು ದಾಟಿರಲಿಲ್ಲ. ಗಡಿಯಾಚೆ ಕ್ರಷರೊಂದರಲ್ಲಿ ಹದಿಮೂರು ವರ್ಷ ದುಡಿದವನು. ಈಗ ಮನೆಯ ಮೂರು ಮೆಟ್ಟಿಲು ಹತ್ತಿದರೆ ಕೂತು ಉಸಿರು ತೆಗೆದುಕೊಳ್ಳಬೇಕು. ಚೀಟಿಗಳಲ್ಲಿ ಕೆಲವು ತೆಲುಗಿನಲ್ಲಿ, ಕೆಲವು ಕನ್ನಡದಲ್ಲಿ, ಮಿಕ್ಕವು ಇಂಗ್ಲಿಷಿನಲ್ಲಿ. ಮೂರು ಸಲ ಕ್ಷಯದ ಮಾತ್ರೆ ಬರೆದಿದ್ದರು. ಕಫದಲ್ಲಿ ಕ್ಷಯದ ಕ್ರಿಮಿ ಕಂಡಿಲ್ಲವೆಂದೂ ಎರಡು ಕಡೆ ಬರೆದಿತ್ತು. ಎಲ್ಲ ಚೀಟಿಗಳನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ಓದಿದೆ. ಹೆಸರಿತ್ತು, ವಯಸ್ಸಿತ್ತು, ಬೀಡಿ ಸೇದುವನೋ ಇಲ್ಲವೋ ಎಂಬುದೂ ಇತ್ತು. ಏನು ಕೆಲಸ ಮಾಡುತ್ತಾನೆ ಎಂಬುದು ಒಂದರಲ್ಲಿಯೂ ಇರಲಿಲ್ಲ.

ಒಂದು ಹಾಳೆಯಲ್ಲಿ ಅವನ ಕೆಲಸದ ಚರಿತ್ರೆಯನ್ನು ನಾನೇ ಬರೆದುಕೊಟ್ಟೆ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಯಂತ್ರದ ಹತ್ತಿರ, ದಿನಕ್ಕೆ ಎಷ್ಟು ಗಂಟೆ, ನೀರು ಚಿಮುಕಿಸುತ್ತಿದ್ದರೋ ಇಲ್ಲವೋ. ಬೆಂಗಳೂರಿನಲ್ಲಿ ಎದೆರೋಗದ ವೈದ್ಯರೊಬ್ಬರು ಆ ಹಾಳೆಯನ್ನು ಎರಡು ನಿಮಿಷ ಓದಿ, ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಸಿಲಿಕೋಸಿಸ್ ಎಂದರು. ಅವನು ಈಗ ಕ್ರಷರಿಗೆ ಹೋಗುವುದಿಲ್ಲ. ನಾಲ್ಕು ಕುರಿ ಕಾಯುತ್ತಾನೆ. ಹೋದ ಉಸಿರು ಮರಳಿ ಬಂದಿಲ್ಲ, ಬರುವುದೂ ಇಲ್ಲ. ಪರಿಹಾರಕ್ಕಾಗಿ ಕೇಳೋಣವೆಂದರೆ ದುಡಿದುದು ಒಂದು ರಾಜ್ಯದಲ್ಲಿ, ಕಾಯಿಲೆ ಬಿದ್ದುದು ಇನ್ನೊಂದು ರಾಜ್ಯದಲ್ಲಿ; ದುಡಿದನೆಂಬುದಕ್ಕೆ ಒಂದು ಚೂರು ಕಾಗದವಿಲ್ಲ. ಧೂಳಿಗೆ ಗಡಿಯಿಲ್ಲ, ದಾಖಲೆಗೆ ಮಾತ್ರ ಗಡಿಯುಂಟು. ಗಡಿನಾಡಿನವರಾದ ನಾವು ಇದನ್ನು ಬೇರೆಯವರಿಗಿಂತ ಮೊದಲು ತಿಳಿದಿರಬೇಕು.

ರಾಜಸ್ಥಾನ ಸರಕಾರ 2019ರಲ್ಲಿ ಧೂಳಿನ ರೋಗಗಳಿಗೆಂದೇ ಒಂದು ನೀತಿಯನ್ನು ತಂದಿತು. ರೋಗ ದೃಢಪಟ್ಟವರಿಗೆ ನೆರವು, ಅವರ ಮರಣಾನಂತರ ಕುಟುಂಬಕ್ಕೆ ನೆರವು ಎಂಬುದು ಅದರಲ್ಲಿದೆ. ಅಲ್ಲಿನ ಮರಳುಗಲ್ಲಿನ ಗಣಿಗಳಲ್ಲಿ ದುಡಿದವರ ವಿಧವೆಯರು, ಅವರ ಬೆನ್ನಿಗೆ ನಿಂತ ಸಂಘಗಳು ವರ್ಷಗಟ್ಟಲೆ ಕೂಗಿಕೊಂಡ ಮೇಲೆ ಬಂದ ಫಲ ಅದು. ಸರಕಾರಗಳು ಮಾಡಬೇಕಾದುದನ್ನು ಸರಕಾರಗಳಿಗೆ ಕೇಳೋಣ. ಅಷ್ಟರೊಳಗೆ ಮನೆಯಲ್ಲಿ ಆಗಬೇಕಾದ ಕೆಲವು ಕೆಲಸಗಳಿವೆ.

ಕಲ್ಲಿನ ಕೆಲಸಕ್ಕೆ ಹೋಗುವವರು ಮನೆಯಲ್ಲಿದ್ದರೆ, ಅವರು ಎಲ್ಲಿ, ಯಾವಾಗಿನಿಂದ ದುಡಿಯುತ್ತಿದ್ದಾರೆ ಎಂಬುದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಕೂಲಿ ಚೀಟಿ ಯಾವುದಿದ್ದರೂ ಅದರೊಳಗೆ ಇಡಿ. ಓದು ಬಾರದ ತಂದೆಗೆ ಮಗಳು ಬರೆದುಕೊಡಲಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಒದರಬೇಡಿ. ಹೊರಗೇ ನೀರಿನಲ್ಲಿ ನೆನೆಸಿ ಒಗೆಯಿರಿ. ಆ ಧೂಳು ಮಗುವಿನ ಎದೆಗೂ ಇಳಿಯುತ್ತದೆ. ಟವೆಲನ್ನು ನೆಚ್ಚಬೇಡಿ, ಸಣ್ಣ ಧೂಳನ್ನು ತಡೆಯುವ ಒಳ್ಳೆಯ ಮುಖಗವುಸು ಮತ್ತು ಯಂತ್ರಕ್ಕೆ ನೀರಿನ ಸಿಂಪಡಣೆ ಬೇಕೆಂದು ಒಬ್ಬೊಬ್ಬರಾಗಿ ಅಲ್ಲ, ಹತ್ತು ಮಂದಿ ಒಟ್ಟಾಗಿ ಕೇಳಿ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಲೇಬೇಕು. ಕ್ಷಯವೆಂದು ಖಚಿತವಾದರೆ ಮಾತ್ರೆಯನ್ನು ನಡುವೆ ನಿಲ್ಲಿಸಕೂಡದು. ಎರಡು ರೋಗಗಳೂ ಒಟ್ಟಿಗೆ ಇರಬಹುದು. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಹೆಸರು ಹೇಳಿದ ಕೂಡಲೇ ಕಸುಬನ್ನೂ ಹೇಳಿ. ವೈದ್ಯರು ಕೇಳದಿದ್ದರೂ ಹೇಳಿ. ಅದನ್ನು ಚೀಟಿಯಲ್ಲಿ ಬರೆಯಿರೆಂದು ವಿನಯದಿಂದ ಒತ್ತಾಯಿಸಿ.

ನಮ್ಮ ಶಾಲೆಯಲ್ಲಿ ಈ ವರ್ಷ ಮಕ್ಕಳ ದಾಖಲಾತಿಯ ಪುಸ್ತಕದಲ್ಲಿ ‘ತಂದೆಯ ವೃತ್ತಿ’ ಎಂಬ ಕಲಮಿನಲ್ಲಿ ಬರಿದೆ ‘ಕೂಲಿ’ ಎಂದು ಬರೆಯುವುದನ್ನು ಬಿಟ್ಟಿದ್ದೇವೆ. ಯಾವ ಕೂಲಿ, ಎಲ್ಲಿಯ ಕೂಲಿ ಎಂದು ಕೇಳಿ ಬರೆಯುತ್ತೇವೆ. ಕಲ್ಲಿನ ಕೆಲಸದವರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಆರೋಗ್ಯ ಕೇಂದ್ರದ ದಾದಿಯವರಿಗೆ ಕೊಟ್ಟಿದ್ದೇವೆ. ಪಟ್ಟಿಯಲ್ಲಿ ಇಪ್ಪತ್ತಮೂರು ಹೆಸರುಗಳಿವೆ. ಸಹೋದ್ಯೋಗಿಗಳಾದ ಶಿಕ್ಷಕ ಬಂಧುಗಳು ತಮ್ಮ ತಮ್ಮ ಶಾಲೆಗಳಲ್ಲಿಯೂ ಹೀಗೆ ಮಾಡಬಹುದು. ಖರ್ಚಿಲ್ಲದ ಕೆಲಸ, ಒಂದು ಸಾಲು ಹೆಚ್ಚು ಬರೆದರೆ ಆಯಿತು.